ಕಡತಗಳಲ್ಲಿ ಹರಿದುಹಂಚಿಹೋದ ಖಾಡಿ

ಠಾಣೆ ಖಾಡಿಯ (ಕ್ರೀಕ್) ಕೆಸರುನೆಲವನ್ನು ಸರ್ಕಾರಗಳು ಯಾರ ಹೆಸರಿಗೆ ಬರೆದುಕೊಂಡವು? ಈ ಒಂದು ಪ್ರಶ್ನೆ ಹಿಡಿದು ನಾನು ದಾಖಲೆಗಳನ್ನು ಹುಡುಕತೊಡಗಿದೆ. 2011ರ ಜನಗಣತಿಯಂತೆ ಠಾಣೆ, ಕಲ್ಯಾಣ-ಡೊಂಬಿವಲಿ, ನವಿ ಮುಂಬಯಿ ಪಾಲಿಕೆಗಳ ಜನಸಂಖ್ಯೆ ಒಟ್ಟು 42 ಲಕ್ಷ. ಇಷ್ಟು ಜನರ ಮಗ್ಗುಲಲ್ಲೇ ಇದೆ ಠಾಣೆ ಖಾಡಿ ಫ್ಲೆಮಿಂಗೊ ಅಭಯಾರಣ್ಯ. ಅದರ 1,690 ಹೆಕ್ಟೇರಿನಲ್ಲಿ 896 ಹೆಕ್ಟೇರು ಕಾಂಡ್ಲಾ (ಮ್ಯಾಂಗ್ರೋವ್) ವನ, ಉಳಿದ 794 ಹೆಕ್ಟೇರು ಉಪ್ಪುನೀರು.

ಡೊಂಬಿವಲಿಯಿಂದ ಮುಂಬಯಿಗೆ ರೈಲು ಹಿಡಿಯುವವರು ಕಳವಾ ಮತ್ತು ಠಾಣೆಯ ನಡುವೆ ದಿನವೂ ಈ ಖಾಡಿಯನ್ನು ದಾಟುತ್ತಾರೆ. ಅಲ್ಲಿ ಅದು ಕಾಲುವೆಯಷ್ಟು ಕಿರಿದು. ಕಲ್ಯಾಣವನ್ನು ಹಾದುಬರುವ ಉಲ್ಹಾಸ್ ನದಿಯ ಮುಖ್ಯ ಹರಿವು ಠಾಣೆಯ ಉತ್ತರದಿಂದ ಘೋಡಬಂದರಿನ ಕಡೆ ಹೊರಳಿ ವಸಾಯಿ ಖಾಡಿ ಸೇರುತ್ತದೆ. ಠಾಣೆ ಖಾಡಿಗೆ ಸಿಗುವುದು ಒಂದು ಇಕ್ಕಟ್ಟಾದ ಕವಲು ಮಾತ್ರ. ಹಾಗಾಗಿ ಸುಮಾರು 26 ಕಿಲೋಮೀಟರ್ ಉದ್ದದ ಈ ಖಾಡಿಯನ್ನು ಆಳುವುದು ನದಿಯಲ್ಲ, ಸಮುದ್ರದ ಉಬ್ಬರ ಇಳಿತ. ಹೊರಗೆ ತಳ್ಳುವಷ್ಟು ಸಿಹಿನೀರಿನ ಒತ್ತಡ ಇಲ್ಲದ್ದರಿಂದ ಹೂಳು ಒಳಗೇ ಉಳಿಯುತ್ತದೆ. ಇಳಿತದ ಹೊತ್ತಿನಲ್ಲಿ ಮೈಲುಗಟ್ಟಲೆ ಕೆಸರುಬಯಲು ತೆರೆದುಕೊಳ್ಳುವುದು ಇದರಿಂದಲೇ.

ಹಳೆಯ ದಾಖಲೆಗಳಲ್ಲಿ ನನಗೆ ಮೊದಲು ಎದುರಾದವರು ನಮ್ಮವರೇ. ಖಾಡಿಯ ಪಶ್ಚಿಮದ ಬೆಟ್ಟಸಾಲಿನಲ್ಲಿರುವ ಕಾನ್ಹೇರಿ ಗುಹೆಯ ಒಂದು ಶಾಸನ, ಶಕ 765, ಅಂದರೆ ಕ್ರಿ.ಶ. 843ರದು. ಅದರಲ್ಲಿ ಕೊಂಕಣವನ್ನು ಆಳುವ ಶಿಲಾಹಾರ ಪುಲ್ಲಶಕ್ತಿಗೆ ಒಡೆಯನಾಗಿರುವವನು ರಾಷ್ಟ್ರಕೂಟ ಅಮೋಘವರ್ಷ. ಕವಿರಾಜಮಾರ್ಗದ ಕಾಲದ ಆ ದೊರೆಯ ಅಧಿಕಾರ ಈ ನೀರಿನ ಅಂಚಿನವರೆಗೂ ಚಾಚಿತ್ತು. ಮುಂದೆ 1787ರಲ್ಲಿ ಠಾಣೆ ಕೋಟೆಯಲ್ಲಿ ಅಡಿಪಾಯ ಅಗೆಯುವಾಗ ಶಿಲಾಹಾರ ಅರಿಕೇಸರಿಯ ತಾಮ್ರಪಟ ಸಿಕ್ಕಿತು. ಅದರ ಕಾಲ ಕ್ರಿ.ಶ. 1017. ಕಲ್ಕತ್ತೆಯ ‘ಏಷ್ಯಾಟಿಕ್ ರಿಸರ್ಚಸ್’ ಪತ್ರಿಕೆಯ ಮೊದಲ ಸಂಪುಟದಲ್ಲೇ ಅದರ ಅನುವಾದ ಅಚ್ಚಾಯಿತು. 1,400 ಹಳ್ಳಿಗಳ ಕೊಂಕಣ ಎಂಬ ಲೆಕ್ಕ ಅದರಲ್ಲಿದೆ. ರಾಜರು ಎಣಿಸಿದ್ದು ಹಳ್ಳಿಗಳನ್ನು, ಕೆಸರನ್ನಲ್ಲ.

ಬ್ರಿಟಿಷರು 1774ರ ಕೊನೆಯಲ್ಲಿ ಠಾಣೆ ಕೋಟೆಯನ್ನು ಮರಾಠರಿಂದ ಕಿತ್ತುಕೊಂಡರು. ಆಮೇಲಿನ ಕಾಗದಪತ್ರ ಬೇಕಾದಷ್ಟಿದೆ, ಆದರೆ ಖಾಡಿ ಅದರಲ್ಲಿ ಚೂರುಚೂರಾಗಿ ಹಂಚಿಹೋಗಿದೆ. 1882ರ ಠಾಣೆ ಜಿಲ್ಲಾ ಗೆಜೆಟಿಯರ್‌ನ ಸಂಪಾದಕ ಜೇಮ್ಸ್ ಕ್ಯಾಂಪ್‌ಬೆಲ್. ಮರುವರ್ಷ ನಮ್ಮ ಕೆನರಾ ಜಿಲ್ಲೆಯ ಗೆಜೆಟಿಯರ್ ಹೊರತಂದವರೂ ಅವರೇ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿದರೆ ಕೆನರಾದ ಸಾಣಿಕಟ್ಟೆಯ ಉಪ್ಪಿನಾಗರವೂ ಠಾಣೆ ಖಾಡಿಯ ಭಾಂಡುಪ್ ಕಡೆಯ ಮಿಠಾಗರಗಳೂ ಒಂದೇ ಕರಾವಳಿಯ ಒಂದೇ ಕಸುಬಿನ ಕಥೆಯಾಗಿ ಕಾಣುತ್ತವೆ. ಆದರೆ ಆಡಳಿತದ ಕಾಗದಗಳಲ್ಲಿ ಉಪ್ಪು ಹೋದದ್ದು ಸುಂಕದ ಕಡತಕ್ಕೆ, ಮೀನು ಇನ್ನೊಂದಕ್ಕೆ, ದೋಣಿಗಳು ಬಂದರಿನ ಕಡತಕ್ಕೆ. ರೈಲಿನವರಿಗೆ ಇದು ದಾಟಬೇಕಾದ ಅಡ್ಡಿ: 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟು ಠಾಣೆಯಲ್ಲಿ ನಿಂತ ರೈಲು, ಖಾಡಿಗೆ ಸೇತುವೆ ಕಟ್ಟಿದ ಮೇಲೆ, 1854ರಲ್ಲಿ ಕಲ್ಯಾಣ ಮುಟ್ಟಿತು.

1970ರಲ್ಲಿ ನಗರ ಕಟ್ಟುವ ಸರ್ಕಾರಿ ನಿಗಮ ಸಿಡ್ಕೊ ಹುಟ್ಟಿ ನವಿ ಮುಂಬಯಿಯ ನಕ್ಷೆ ಬರೆಯಿತು. ಆಗ ಪೂರ್ವ ದಡದ ಗದ್ದೆ, ಆಗರ, ಜೌಗು ಎಲ್ಲವೂ ನಗರ ಕಟ್ಟುವ ಜಮೀನಾದವು. ಈ ನೆಲ ಖಾಲಿ ಇತ್ತು ಎನ್ನುವ ಮಾತನ್ನು ನಾನು ಒಪ್ಪಲಾರೆ. ವಾಶಿ, ಐರೋಲಿ, ಘಣಸೋಲಿ, ದಿವೆಗಳಲ್ಲಿ ಕೋಲಿ ಮೀನುಗಾರರು ಮತ್ತು ಗದ್ದೆ-ಆಗರಗಳ ಆಗ್ರಿ ಜನರಿದ್ದರು, ಈಗಲೂ ಇದ್ದಾರೆ. ಮನೆ ದಡದ ಮೇಲೆ, ಬದುಕು ಕೆಸರಿನಲ್ಲಿ.

ಖಾಡಿಯನ್ನು ಖಾಡಿಯಾಗಿಯೇ ಕಂಡ ಕಾಗದಗಳು ಬಂದದ್ದು ತೀರಾ ಈಚೆಗೆ. 2005ರ ಅಕ್ಟೋಬರಿನಲ್ಲಿ ಬಾಂಬೆ ಹೈಕೋರ್ಟ್ ಕಾಂಡ್ಲಾ ಕಡಿಯುವುದಕ್ಕೆ ತಡೆ ಹಾಕಿತು; ಅಂತಿಮ ತೀರ್ಪು 2018ರದು. 2012ರಲ್ಲಿ ಮಹಾರಾಷ್ಟ್ರ ಅರಣ್ಯ ಇಲಾಖೆಯಲ್ಲಿ ಕಾಂದಳವನ ಕಕ್ಷ (ಕಾಂಡ್ಲಾ ವನಗಳ ಘಟಕ) ಶುರುವಾಯಿತು. 2015ರ ಆಗಸ್ಟ್ 6ರಂದು ಅಭಯಾರಣ್ಯದ ಅಧಿಸೂಚನೆ ಹೊರಬಿತ್ತು. 2022ರಲ್ಲಿ ಸುತ್ತಲ ಪರಿಸರ ಸೂಕ್ಷ್ಮ ವಲಯವನ್ನೂ ಕೂಡಿಸಿ 6,521 ಹೆಕ್ಟೇರು ರಾಮ್‌ಸರ್ ತಾಣವಾಯಿತು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ಪಟ್ಟಿ ಸೇರಿತು. ರಂಗನತಿಟ್ಟಿಗೂ ಅದೇ ವರ್ಷ ಆ ಮಾನ್ಯತೆ ಸಿಕ್ಕಿತು. ಕುಮಟಾದ ಅಘನಾಶಿನಿ ಅಳಿವೆಗೆ ಅದು ಸಿಕ್ಕಿದ್ದು 2024ರಲ್ಲಿ ಪ್ರಕಟವಾಯಿತು.

ಈ ಅಭಯಾರಣ್ಯಕ್ಕೆ ಕಾರಣವಾದ ರಾಜಹಂಸಗಳದು, ಅಂದರೆ ಫ್ಲೆಮಿಂಗೊಗಳದು, ಬೇರೆಯೇ ಕಥೆ. ಅವು ದೊಡ್ಡ ಸಂಖ್ಯೆಯಲ್ಲಿ ಕಾಣತೊಡಗಿದ್ದು 1990ರ ದಶಕದ ನಡುವೆ, ಮುಂಬಯಿ ಬದಿಯ ಶಿವಡಿಯಲ್ಲಿ. 2019ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಎಣಿಸಿದಾಗ ಲಕ್ಷ ದಾಟಿದ್ದವು. ಹೆಚ್ಚಿನವು ಕಿರು ರಾಜಹಂಸಗಳು. ಅವುಗಳ ಮುಖ್ಯ ಆಹಾರ ನೀಲಿ-ಹಸಿರು ಪಾಚಿ. ನಗರಗಳ ಚರಂಡಿ ನೀರು ತರುವ ಸಾರದಿಂದ ಆ ಪಾಚಿ ಹುಲುಸಾಗಿ ಬೆಳೆಯಿತು, ಹಕ್ಕಿಗಳು ಅದನ್ನರಸಿ ಬಂದವು ಎಂಬುದು ತಜ್ಞರ ವಿವರಣೆ. ಕೋಲಿಗಳ ಬಲೆಯಿಂದ ಮೀನನ್ನು ಕಸಿದ ಕೊಳಚೆಯೇ ಹಕ್ಕಿಗಳಿಗೆ ಊಟವಾಗಿರುವುದು ನನ್ನನ್ನು ತೀರ ಕಾಡುವ ಸಂಗತಿ. ಹಕ್ಕಿಗಳ ಸಂಖ್ಯೆ ಹೆಚ್ಚಿದೆ ಎಂದು ಖಾಡಿ ಆರೋಗ್ಯವಾಗಿದೆ ಎನ್ನುವಂತಿಲ್ಲ.

ಕೊನೆಗೆ ಗಡಿ. 2015ರ ಅಭಯಾರಣ್ಯ ಇರುವುದು ಐರೋಲಿ ಮತ್ತು ವಾಶಿ ಸೇತುವೆಗಳ ನಡುವೆ. ಶಿವಡಿ ಅದರೊಳಗಿಲ್ಲ. ಉಬ್ಬರದಲ್ಲಿ ಕೆಸರುಬಯಲು ಮುಳುಗಿದಾಗ ಹಕ್ಕಿಗಳು ಹಾರಿಹೋಗಿ ನಿಲ್ಲುವ ನೆರೂಳ್, ಸೀವುಡ್ಸ್ ಬದಿಯ ಕೊಳ-ಜೌಗುಗಳೂ ಇಲ್ಲ. ದಿನಕ್ಕೆ ಎರಡು ಬಾರಿ ಜಾಗ ಬದಲಿಸುವ ಹಕ್ಕಿಗೆ ಒಂದೇ ಜಾಗ ಬರೆದುಕೊಟ್ಟರೆ ಅದು ಅರ್ಧ ರಕ್ಷಣೆ. ಉಬ್ಬರದ ಆಸರೆಗಳನ್ನೂ ಸೇರಿಸಿ, ಕೋಲಿಗಳ ಮೀನು ಹಿಡಿಯುವ ಹಕ್ಕನ್ನೂ ದಾಖಲಿಸಿ ಈ ಗಡಿಯನ್ನು ಹೊಸದಾಗಿ ಬರೆಯಬೇಕು. ಅಘನಾಶಿನಿಯ ನಕ್ಷೆ ಬರೆಯಲು ಕೂರುವವರು ಮೊದಲು ಠಾಣೆಯ ಈ ನಕ್ಷೆಯನ್ನು ನೋಡಲಿ.