ದಖ್ಖನಿನ ನದಿಗಳಲ್ಲಿ ಮೀನುಗಳ ಸಾಮೂಹಿಕ ಸಾವು

ನದಿ, ಹೊಳೆ, ಹಳ್ಳ ಅಥವಾ ಅವುಗಳಿಗೆ ಕೂಡಿಕೊಂಡ ಕೆರೆಗಳಲ್ಲಿ ಕೆಲವು ಗಂಟೆಗಳಿಂದ ಕೆಲವು ದಿನಗಳ ಅವಧಿಯೊಳಗೆ ಹಲವು ಜಾತಿಯ ಮೀನುಗಳು ಒಟ್ಟಾಗಿ ಸತ್ತು ತೇಲುವುದನ್ನು ಮೀನುಗಳ ಸಾಮೂಹಿಕ ಸಾವು ಎನ್ನುತ್ತಾರೆ. ತುಂಗಭದ್ರಾ, ಕೃಷ್ಣಾ, ಮಂಜೀರಾ, ಮೂಸಿ ನದಿಗಳ ಸೀಮೆಯಲ್ಲಿ ಇದರ ಚರಿತ್ರೆ ಕೈಗಾರಿಕೆಗಳ ಚರಿತ್ರೆಯೊಂದಿಗೆ ಹೆಣೆದುಕೊಂಡಿದೆ. ನದಿ ಕೆಟ್ಟಿದೆ ಎಂಬುದನ್ನು ಇಲ್ಲಿನ ಜನ ಅರಿತದ್ದು ಪ್ರಯೋಗಾಲಯದ ವರದಿಗಳಿಂದಲ್ಲ, ದಡಕ್ಕೆ ಬಂದು ಬಿದ್ದ ಮೀನುಗಳಿಂದ. ನೀರಿನ ಮಾಲಿನ್ಯದ ವಿರುದ್ಧ ಕರ್ನಾಟಕದಲ್ಲಿ ನಡೆದ ಮೊದಲ ದೊಡ್ಡ ಚಳವಳಿ ಹುಟ್ಟಿದ್ದೂ ಹಾಗೆಯೇ.

ಹೆಚ್ಚಿನ ಸಾವುಗಳಿಗೆ ಕಾರಣ ವಿಷಕ್ಕಿಂತ ಉಸಿರಿನ ಕೊರತೆ. 20 ಡಿಗ್ರಿ ಉಷ್ಣತೆಯ ಶುದ್ಧ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲದು. 30 ಡಿಗ್ರಿಗೆ ಏರಿದರೆ ಅದು ಏಳೂವರೆ ಮಿಲಿಗ್ರಾಮಿಗೆ ಇಳಿಯುತ್ತದೆ. ಹರಿಯುವ ನೀರಿನ ಮೀನುಗಳಿಗೆ ಕನಿಷ್ಠ ನಾಲ್ಕೈದು ಮಿಲಿಗ್ರಾಂ ಬೇಕು. ಎರಡಕ್ಕಿಂತ ಕೆಳಗಿಳಿದರೆ ಬಹುತೇಕ ಜಾತಿಗಳು ಬದುಕುವುದಿಲ್ಲ. ಚರಂಡಿ ನೀರು, ಕಾಕಂಬಿ, ಡಿಸ್ಟಿಲರಿಯ ತ್ಯಾಜ್ಯ, ಕಾಗದ ಮತ್ತು ತಿರುಳು ಕಾರ್ಖಾನೆಗಳ ಕಪ್ಪು ದ್ರಾವಣ ಇವೆಲ್ಲ ಬ್ಯಾಕ್ಟೀರಿಯಾಗಳಿಗೆ ಆಹಾರ. ಆ ಆಹಾರವನ್ನು ಕರಗಿಸುವಾಗ ಬ್ಯಾಕ್ಟೀರಿಯಾಗಳು ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಹೀಗೆ ಬೇಕಾಗುವ ಆಮ್ಲಜನಕದ ಅಳತೆಯೇ ಬಿಓಡಿ. ನದಿಗೆ ಬಿಡುವ ತ್ಯಾಜ್ಯನೀರಿನಲ್ಲಿ ಇದು ಲೀಟರಿಗೆ 30 ಮಿಲಿಗ್ರಾಂ ಮೀರಬಾರದೆಂಬ ನಿಯಮವಿದೆ. ಸಂಸ್ಕರಿಸದ ಡಿಸ್ಟಿಲರಿ ತ್ಯಾಜ್ಯದಲ್ಲಿ ಅದು 40,000 ಮಿಲಿಗ್ರಾಮನ್ನೂ ದಾಟುತ್ತದೆ.

ಸಾವುಗಳು ಹೆಚ್ಚಾಗಿ ಎರಡು ಕಾಲಗಳಲ್ಲಿ ಸಂಭವಿಸುತ್ತವೆ. ಮೊದಲನೆಯದು ಮಾರ್ಚಿಯಿಂದ ಮೇ ತನಕ. ಆಗ ಹರಿವು ಬತ್ತಿ, ಮೀನುಗಳೆಲ್ಲ ಮಡುಗಳಲ್ಲಿ ಸೇರಿಕೊಂಡಿರುತ್ತವೆ. ಸ್ವಲ್ಪ ಹೊಲಸು ಬಂದರೂ ತಪ್ಪಿಸಿಕೊಂಡು ಹೋಗಲು ದಾರಿಯಿರುವುದಿಲ್ಲ. ಎರಡನೆಯದು ಮುಂಗಾರಿನ ಮೊದಲ ಜೋರು ಮಳೆ ಬಂದಾಗ. ಬೇಸಿಗೆಯುದ್ದಕ್ಕೂ ಹಳ್ಳಗಳಲ್ಲಿ, ಚರಂಡಿಗಳಲ್ಲಿ ಕೂತಿದ್ದ ರಾಡಿ ಆ ಮಳೆಗೆ ಒಂದೇ ಸಲ ಕೊಚ್ಚಿಕೊಂಡು ನದಿಗೆ ಇಳಿಯುತ್ತದೆ. ಮಳೆನೀರಿನ ಮರೆಯಲ್ಲಿ ಕೂಡಿಟ್ಟ ತ್ಯಾಜ್ಯವನ್ನು ಹೊರಬಿಡುತ್ತಾರೆಂಬ ದೂರೂ ನದಿತೀರದ ಊರುಗಳಲ್ಲಿ ಹಳೆಯದು.

ಸತ್ತ ಮೀನೇ ಕಾರಣವನ್ನು ಬಹುಮಟ್ಟಿಗೆ ಹೇಳುತ್ತದೆ. ಆಮ್ಲಜನಕ ಮುಗಿದು ಸತ್ತಿದ್ದರೆ ಬಾಯಿ ಅಗಲವಾಗಿ ತೆರೆದಿರುತ್ತದೆ, ಕಿವಿರು ಅರಳಿಕೊಂಡಿರುತ್ತದೆ, ದೊಡ್ಡ ಮೀನುಗಳು ಮೊದಲು ಸತ್ತಿರುತ್ತವೆ. ಅವು ಸಾಯುವ ಹೊತ್ತು ಸಾಮಾನ್ಯವಾಗಿ ನಸುಕು. ಪಾಚಿ ರಾತ್ರಿಯಿಡೀ ಆಮ್ಲಜನಕ ಹೀರಿ, ಬೆಳಗಾಗುವ ಮುನ್ನ ನೀರಿನಲ್ಲಿ ಅದರ ಪ್ರಮಾಣ ತೀರಾ ಕೆಳಗಿಳಿದಿರುತ್ತದೆ. ನೇರವಾಗಿ ವಿಷ ಸೇರಿದ್ದರೆ ಹೊತ್ತಿನ ಕಟ್ಟಿಲ್ಲ, ಮರಿಗಳು ಮತ್ತು ಸಣ್ಣ ಮೀನುಗಳು ಮೊದಲು ಹೋಗುತ್ತವೆ. ನೈಟ್ರೈಟ್ ಹೆಚ್ಚಾಗಿದ್ದರೆ ಕೆಂಪಾಗಿರಬೇಕಾದ ಕಿವಿರು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಮುರುಗೋಡು, ಚೇಳುಮೀನುಗಳಂಥವು ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲವು. ಅವೂ ಸತ್ತು ಬಿದ್ದಿದ್ದರೆ ಬರಿಯ ಆಮ್ಲಜನಕದ ಕೊರತೆಯೆಂಬ ವಿವರಣೆಯನ್ನು ಅನುಮಾನದಿಂದಲೇ ನೋಡಬೇಕಾಗುತ್ತದೆ.

ಕಾರ್ಖಾನೆಗಳು ಬರುವ ಮೊದಲು ಹೊಳೆಯ ಮೀನಿಗೆ ಸಾಮೂಹಿಕವಾಗಿ ಸಾವು ತರುತ್ತಿದ್ದುದು ನಂಜು ಮತ್ತು ತೋಟೆ. ಕಾರೆಕಾಯಿ, ಕಾಕಮಾರಿಯ ಬೀಜಗಳನ್ನು ಜಜ್ಜಿ ಮಡುವಿಗೆ ಹಾಕಿ ಮೀನನ್ನು ಮಂಕಾಗಿಸಿ ಹಿಡಿಯುವ ಕ್ರಮ ಮಲೆನಾಡಿನಲ್ಲಿಯೂ ಘಟ್ಟದ ಕೆಳಗೂ ಇತ್ತು. ಮುಂದೆ ಇದಕ್ಕೆ ಮೈಲುತುತ್ತ, ಬ್ಲೀಚಿಂಗ್ ಪುಡಿ, ಕೀಟನಾಶಕ ಸೇರಿಕೊಂಡವು. ಕಲ್ಲುಕ್ವಾರಿಯ ಮದ್ದು ತೋಟೆಯಾಯಿತು. 1897ರ ಭಾರತೀಯ ಮೀನುಗಾರಿಕೆ ಕಾಯಿದೆ ಸ್ಫೋಟಕ ಹಾಕುವುದನ್ನೂ ನೀರಿಗೆ ವಿಷ ಬೆರೆಸುವುದನ್ನೂ ಅಪರಾಧವಾಗಿಸಿತು. ಮೈಸೂರು ಸಂಸ್ಥಾನ 1901ರಲ್ಲಿ ಬೇಟೆಪ್ರಾಣಿ ಮತ್ತು ಮೀನುಗಳ ಸಂರಕ್ಷಣೆಗೆ ತನ್ನದೇ ಶಾಸನ ತಂದಿತು.

ಕಾನೂನಿಗಿಂತ ಗಟ್ಟಿಯಾಗಿ ಮೀನನ್ನು ಕಾದದ್ದು ದೇವಸ್ಥಾನಗಳ ಮತ್ಸ್ಯತೀರ್ಥಗಳು. ಶೃಂಗೇರಿಯ ತುಂಗೆ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ಕಪಿಲೆ ಇದಕ್ಕೆ ಹೆಸರಾದ ತಾಣಗಳು. ಅಲ್ಲಿ ಮೀನು ಹಿಡಿಯುವಂತಿಲ್ಲ; ಭಕ್ತರು ಅಕ್ಕಿ, ಮಂಡಕ್ಕಿ ಹಾಕುತ್ತಾರೆ, ಮೊಣಕಾಲುದ್ದದ ದೇವರ ಮೀನುಗಳು ಮೆಟ್ಟಿಲಿನ ತನಕ ಬರುತ್ತವೆ. ಶಿಶಿಲೇಶ್ವರ ದೇವಸ್ಥಾನದ ಈ ಮೀನುಗಳಿಗೆ 1996ರಲ್ಲಿ ದುಷ್ಕರ್ಮಿಗಳು ವಿಷ ಹಾಕಿದರು. ಸಾವಿರಾರು ಮೀನುಗಳು ಸತ್ತವು. ಊರವರು ಅವುಗಳ ನೆನಪಿಗಾಗಿ ಹೊಳೆಯ ಬದಿಯಲ್ಲಿ ಮತ್ಸ್ಯಸ್ಮಾರಕ ಕಟ್ಟಿದರು. ಹೊಳೆಯ ಮೀನುಗಳ ಸಾವನ್ನು ಒಂದು ಊರು ತನ್ನ ಮನೆಯ ಸಾವಿನಂತೆ ಕಂಡದ್ದಕ್ಕೆ ಇಷ್ಟು ನೇರವಾದ ಸಾಕ್ಷಿ ನಾಡಿನಲ್ಲಿ ಬೇರೆ ಸಿಗುವುದು ಕಷ್ಟ.

ಕೈಗಾರಿಕೆಯ ತ್ಯಾಜ್ಯ ನದಿಗೆ ಸೇರುವ ಕಾಲ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಆರಂಭವಾಯಿತು. ಭದ್ರಾವತಿಯಲ್ಲಿ ಭದ್ರಾ ನದಿಯ ಬದಿಗೆ ಮೊದಲು ಕಬ್ಬಿಣದ ಕಾರ್ಖಾನೆ, 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಬಂದವು. 1950ರ ದಶಕದಲ್ಲಿ ದಾಂಡೇಲಿಯ ಕಾಳಿ ನದಿಯ ದಡದಲ್ಲಿ ಮತ್ತೊಂದು ಕಾಗದ ಕಾರ್ಖಾನೆ ಎದ್ದಿತು. ಸಂಸ್ಥಾನಕ್ಕೂ ಮುಂದೆ ಸರ್ಕಾರಕ್ಕೂ ಇವು ಹೆಮ್ಮೆಯ ಸಂಸ್ಥೆಗಳು. ಕೆಳದಂಡೆಯವರ ದೂರಿಗೆ ಕಿವಿಗೊಡುವವರು ಕಡಿಮೆ.

ಈ ಸ್ಥಿತಿ ಬದಲಾದದ್ದು ತುಂಗಭದ್ರೆಯಲ್ಲಿ. ಹರಿಹರದ ಎದುರು ದಂಡೆಯಲ್ಲಿ, ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ, 1970ರ ದಶಕದ ಆರಂಭದಲ್ಲಿ ಬಿರ್ಲಾ ಸಮೂಹದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಕೆಲಸ ಶುರುಮಾಡಿತು. ನೀಲಗಿರಿ ಮುಂತಾದ ಮರಗಳಿಂದ ರೇಯಾನಿಗೆ ಬೇಕಾದ ತಿರುಳು ತೆಗೆಯುವುದು ಅದರ ಕೆಲಸ. ಮರದಲ್ಲಿನ ಲಿಗ್ನಿನ್ ತ್ಯಾಜ್ಯಕ್ಕೆ ಕಂದು ಬಣ್ಣ ಕೊಡುತ್ತದೆ. ಇದೇ ಹೊತ್ತಿಗೆ ಲಕ್ಕವಳ್ಳಿಯ ಭದ್ರಾ ಅಣೆಕಟ್ಟು ಬೇಸಿಗೆಯ ಹರಿವನ್ನು ಹಿಡಿದಿಟ್ಟಿತ್ತು. ತುಂಗೆ, ಭದ್ರೆ ಕೂಡಲಿಯಲ್ಲಿ ಸೇರಿ ಹರಿಹರಕ್ಕೆ ಬರುವ ನದಿಯಲ್ಲಿ ತ್ಯಾಜ್ಯವನ್ನು ತೆಳುಗೊಳಿಸುವಷ್ಟು ನೀರು ಬೇಸಿಗೆಯಲ್ಲಿ ಉಳಿಯುತ್ತಿರಲಿಲ್ಲ. ಕಾರ್ಖಾನೆಯ ಕೆಳಗಿನ ಊರುಗಳಲ್ಲಿ ಕುಡಿಯುವುದು, ಮೀಯುವುದು, ದನಕ್ಕೆ ನೀರು ಕುಡಿಸುವುದು ಎಲ್ಲವೂ ಈ ನೀರಿನಲ್ಲಿಯೇ. ನೊರೆ, ನಾತ, ಮೈ ತುರಿಕೆ, ದನಗಳ ಕಾಯಿಲೆಗಳ ಬಗ್ಗೆ ದೂರುಗಳು ಎದ್ದವು.

1984ರಲ್ಲಿ ನದಿಯಲ್ಲಿ ಭಾರೀ ಪ್ರಮಾಣದಲ್ಲಿ ಮೀನುಗಳು ಸತ್ತು ತೇಲಿದವು. ಮೀನು ಹಿಡಿದು ಬದುಕುತ್ತಿದ್ದ ಅಂಬಿಗರ ಮನೆಗಳಿಗೆ ಅದು ಜೀವನೋಪಾಯವೇ ಕೈಬಿಟ್ಟ ವರ್ಷ. ಅದೇ ವರ್ಷ ಧಾರವಾಡವನ್ನು ನೆಲೆಯಾಗಿಸಿಕೊಂಡು ಹುಟ್ಟಿದ ಸಮಾಜ ಪರಿವರ್ತನ ಸಮುದಾಯ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಅದರ ಮುಂದಾಳು ಎಸ್. ಆರ್. ಹಿರೇಮಠ ಅಮೆರಿಕದಲ್ಲಿದ್ದು 1979ರಲ್ಲಿ ತಾಯ್ನಾಡಿಗೆ ಮರಳಿ ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯಲ್ಲಿ ಗ್ರಾಮಾಭಿವೃದ್ಧಿ ಕೆಲಸ ಮಾಡುತ್ತಿದ್ದವರು. ನದಿತೀರದ ಊರುಗಳಲ್ಲಿ ಸಮೀಕ್ಷೆ, ಸಹಿ ಸಂಗ್ರಹ, ಪ್ರತಿಭಟನೆಗಳು ನಡೆದವು. ವಿಷಯ ಮಾಲಿನ್ಯ ನಿಯಂತ್ರಣ ಮಂಡಳಿಯನ್ನೂ ನ್ಯಾಯಾಲಯವನ್ನೂ ಮುಟ್ಟಿತು. ಮೀನಿನಿಂದ ಶುರುವಾದ ಚಳವಳಿ ನೆಲಕ್ಕೂ ಹಬ್ಬಿತು. ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಭೂಮಿಯಲ್ಲಿ ಇದೇ ಕಾರ್ಖಾನೆಗಾಗಿ ನೀಲಗಿರಿ ಬೆಳೆಸಲು ಸರ್ಕಾರದ ಪಾಲುದಾರಿಕೆಯಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಸ್ಥಾಪನೆಯಾಗಿತ್ತು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ನೀಲಗಿರಿ ಸಸಿ ಕಿತ್ತು ಜನೋಪಯೋಗಿ ಗಿಡ ನೆಟ್ಟ 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹ ಅದರ ವಿರುದ್ಧ ನಡೆದದ್ದು. ಆ ಕಂಪನಿಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಒಬ್ಬರು. 1991ರಲ್ಲಿ ಕಂಪನಿಯನ್ನು ಮುಚ್ಚಲಾಯಿತು. ಅಂಬಿಗರು, ರೈತರು, ಸಾಹಿತಿಗಳು ಒಂದೇ ಕಡೆ ನಿಂತದ್ದು ಈ ಹೋರಾಟದ ಬಲ. ಬಿರ್ಲಾ ಸಮೂಹದ್ದೇ ಆದ ಮಾವೂರು ಕಾರ್ಖಾನೆಯ ವಿರುದ್ಧ ಕೇರಳದ ಚಾಲಿಯಾರ್ ನದಿಯಲ್ಲಿಯೂ ದೀರ್ಘ ಚಳವಳಿ ನಡೆಯಿತು.

ಇಂಥ ಪ್ರಕರಣಗಳಲ್ಲಿ ತಪ್ಪಿತಸ್ಥರಿಗೆ ಶಿಕ್ಷೆಯಾಗುವುದು ಅಪರೂಪವೇಕೆ ಎಂಬುದಕ್ಕೆ ಉತ್ತರ 1974ರ ಜಲ ಮಾಲಿನ್ಯ ಕಾಯಿದೆಯ 21ನೆಯ ಕಲಮಿನಲ್ಲಿದೆ. ಕಾರ್ಖಾನೆಯ ತ್ಯಾಜ್ಯದ ಮಾದರಿ ಸಾಕ್ಷ್ಯವಾಗಬೇಕಾದರೆ ಅಧಿಕಾರಿ ಮೊದಲು ಕಾರ್ಖಾನೆಯವರಿಗೆ ನೋಟಿಸ್ ಕೊಡಬೇಕು. ಅವರೆದುರಿಗೆ ಮಾದರಿಯನ್ನು ಎರಡು ಪಾಲು ಮಾಡಿ, ಮೊಹರು ಹಾಕಿ, ಸಹಿ ತೆಗೆದುಕೊಳ್ಳಬೇಕು. ನಿರಪರಾಧಿಗೆ ಅನ್ಯಾಯವಾಗಬಾರದೆಂಬ ಉದ್ದೇಶ ಸರಿಯಾದದ್ದೇ. ಆದರೆ ಸೆಕೆಂಡಿಗೆ ಕಾಲು ಮೀಟರ್ ವೇಗದಲ್ಲಿ ಹರಿಯುವ ನದಿ ಒಂದು ದಿನದಲ್ಲಿ 20 ಕಿಲೋಮೀಟರಿಗಿಂತ ಮುಂದೆ ಹೋಗಿರುತ್ತದೆ. ದೂರು ತಲುಪಿ, ಅಧಿಕಾರಿ ಬಂದು, ಕಾಗದಪತ್ರ ಮುಗಿಯುವ ವೇಳೆಗೆ ಮೀನು ಕೊಂದ ನೀರು ಅಲ್ಲಿರುವುದಿಲ್ಲ.

ಹೈದರಾಬಾದಿನ ಕಥೆಯ ರೂಪ ಬೇರೆ. ಅನಂತಗಿರಿ ಬೆಟ್ಟದಲ್ಲಿ ಹುಟ್ಟಿ ನಗರದ ನಡುವೆ ಹರಿದು ವಾಡಪಲ್ಲಿಯಲ್ಲಿ ಕೃಷ್ಣೆಯನ್ನು ಸೇರುವ ಮೂಸಿಗೆ, 1908ರ ಮಹಾಪ್ರವಾಹದ ನಂತರ, ಉಸ್ಮಾನ್ ಸಾಗರವನ್ನೂ ಅದರ ಉಪನದಿಗೆ ಹಿಮಾಯತ್ ಸಾಗರವನ್ನೂ ಕಟ್ಟಲಾಯಿತು. ಪ್ರವಾಹ ತಡೆಯುವ ಈ ಯೋಜನೆಯ ಹಿಂದೆ ಸರ್ ಎಂ. ವಿಶ್ವೇಶ್ವರಯ್ಯನವರ ಸಲಹೆಯಿತ್ತು. ಮುಂದೆ ನಗರ ಬೆಳೆದಂತೆ ಅಣೆಕಟ್ಟುಗಳ ಕೆಳಗಿನ ಮೂಸಿಯಲ್ಲಿ ಬೇಸಿಗೆಗೆ ಉಳಿದದ್ದು ಬಹುಪಾಲು ಚರಂಡಿಯ ನೀರು. ಆದ್ದರಿಂದ ಇಲ್ಲಿ ಮೀನಿನ ಸಾವು ಸುದ್ದಿಯಾಗುವುದು ನದಿಗಿಂತ ಹೆಚ್ಚಾಗಿ ಅದರ ಸೀಮೆಯ ಕೆರೆಗಳಲ್ಲಿ. ತೆಲಂಗಾಣದ ಕೆರೆಗಳು ಒಂದರ ಕೋಡಿ ಇನ್ನೊಂದಕ್ಕೆ ಬೀಳುವಂತೆ ಸರಪಳಿಯಾಗಿ ಕಟ್ಟಿದವು. ಮೇಲಿನ ಕೆರೆಗೆ ಸೇರಿದ್ದು ಕೆಳಗಿನದಕ್ಕೂ ಇಳಿಯುತ್ತದೆ. ನಗರದ ಈಶಾನ್ಯದ ಕುಷಾಯಿಗೂಡ, ಕಾಪ್ರಾ, ಚೆರ್ಲಪಲ್ಲಿ, ನಾಚಾರಂ ಭಾಗದಲ್ಲಿ ಹಳೆಯ ಕೆರೆಗಳು, ಕೈಗಾರಿಕಾ ಪ್ರದೇಶಗಳು ಮತ್ತು ದಟ್ಟ ವಸತಿ ಒಂದಕ್ಕೊಂದು ಒತ್ತಿಕೊಂಡೇ ಇವೆ.

ನಗರದ ಪಶ್ಚಿಮಕ್ಕೆ ಪಟಾನ್‌ಚೆರು ಮತ್ತು ಬೊಲ್ಲಾರಂ ಕೈಗಾರಿಕಾ ಪ್ರದೇಶಗಳ ತ್ಯಾಜ್ಯ ನಕ್ಕವಾಗು ಎಂಬ ಹಳ್ಳದ ಮೂಲಕ ಮಂಜೀರಾ ನದಿಗೆ ಸೇರುತ್ತ ಬಂದಿತ್ತು. ಮಂಜೀರಾ ಬೀದರ್ ಜಿಲ್ಲೆಯಲ್ಲಿ ಹರಿದು ತೆಲಂಗಾಣಕ್ಕೆ ಹೋಗುವ ನದಿ. ಹಳ್ಳದ ಬದಿಯ ಊರುಗಳ ಬೆಳೆ, ಬಾವಿ, ದನಗಳು ಹಾಳಾದ ಬಗ್ಗೆ 1990ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ದಾಖಲಾಯಿತು. ಪಟಾನ್‌ಚೆರುವಿನ ವೈದ್ಯ ಡಾ. ಕಿಷನ್ ರಾವ್ ಈ ಹೋರಾಟದಲ್ಲಿ ಮುಂಚೂಣಿಯಲ್ಲಿದ್ದರು. ಸಾಮೂಹಿಕ ಶುದ್ಧೀಕರಣ ಘಟಕವೊಂದು ಬಂದಿತು. ಆದರೆ 2007ರಲ್ಲಿ ಸ್ವೀಡನ್ನಿನ ಸಂಶೋಧಕರು ಅದೇ ಘಟಕದಿಂದ ಹೊರಬರುವ ನೀರಿನಲ್ಲಿ ಸಿಪ್ರೊಫ್ಲಾಕ್ಸಾಸಿನ್ ಔಷಧ ಲೀಟರಿಗೆ 31 ಮಿಲಿಗ್ರಾಮಿನಷ್ಟು ಇರುವುದನ್ನು ಪ್ರಕಟಿಸಿದರು. ಕೊಳೆಯನ್ನು ತೆಗೆಯಲೆಂದು ಕಟ್ಟಿದ ಘಟಕ ಔಷಧಗಳನ್ನು ತೆಗೆಯುತ್ತಿರಲಿಲ್ಲ.

2017ರ ಅಕ್ಟೋಬರಿನಲ್ಲಿ ಇದೇ ಭಾಗದ ಗಂಡಿಗೂಡೆಂ ಕೆರೆಯಲ್ಲಿ ಲಕ್ಷಾಂತರ ಮೀನುಗಳು ಸತ್ತವು. ಅದರ ಹಿಂದಿನ ವರ್ಷವಷ್ಟೇ ತೆಲಂಗಾಣ ಸರ್ಕಾರ ಮೀನುಗಾರರ ಸಹಕಾರ ಸಂಘಗಳಿಗೆ ಉಚಿತವಾಗಿ ಮೀನುಮರಿ ಕೊಡುವ ಯೋಜನೆ ಆರಂಭಿಸಿತ್ತು. ಮೀನುಗಾರರಾದ ಮುದಿರಾಜ್ ಮತ್ತು ಗಂಗಪುತ್ರ ಸಮುದಾಯದವರಿಗೆ ಕೆರೆಯೆಂದರೆ ಬೆಳೆದು ನಿಂತ ಹೊಲ. ಹಾಗಾಗಿ ಅಲ್ಲಿಂದೀಚೆಗೆ ಮೀನಿನ ಸಾವು ಪರಿಸರದ ದೂರಷ್ಟೇ ಆಗಿ ಉಳಿಯದೆ, ರೂಪಾಯಿಯಲ್ಲಿ ಲೆಕ್ಕ ಹಾಕಬಹುದಾದ ನಷ್ಟವಾಗಿ ಪರಿಹಾರದ ಪ್ರಶ್ನೆಯನ್ನು ಎತ್ತಿತು. ಬೆಂಗಳೂರಿನ ಹಲಸೂರು ಕೆರೆಯಲ್ಲಿ 2016ರ ಮಾರ್ಚಿಯಲ್ಲಿ ಮೀನು ಸತ್ತಾಗಲೂ ಕೆರೆಯ ಗುತ್ತಿಗೆದಾರರ ನಷ್ಟಕ್ಕೂ ನಗರವಾಸಿಗಳ ಆತಂಕಕ್ಕೂ ಒಟ್ಟಿಗೇ ಬಾಯಿ ಬಂದಿತ್ತು.

ಕಬ್ಬಿನ ಸೀಮೆಯಲ್ಲಿ ಅಪಾಯ ಸಕ್ಕರೆ ಮತ್ತು ಮದ್ಯಸಾರದ ಕಾರ್ಖಾನೆಗಳದು. 2023ರ ಮಾರ್ಚಿಯಲ್ಲಿ ಸಾಂಗ್ಲಿ ಬಳಿ ಕೃಷ್ಣೆಯಲ್ಲಿ ಸಾವಿರಾರು ಮೀನುಗಳು ಸತ್ತವು. ಅದೇ ನದಿ ಮುಂದೆ ಬೆಳಗಾವಿ ಜಿಲ್ಲೆಗೆ ಬರುತ್ತದೆ. ಕಾಕಂಬಿಯೊಂದೇ ಎಷ್ಟು ಹಾನಿ ಮಾಡಬಲ್ಲದೆಂಬುದು 2018ರ ಮೇ ತಿಂಗಳಲ್ಲಿ ಪಂಜಾಬಿನಲ್ಲಿ ಕಂಡಿತು. ಗುರುದಾಸಪುರ ಜಿಲ್ಲೆಯ ಕೀರಿ ಅಫಗಾನಾದ ಸಕ್ಕರೆ ಕಾರ್ಖಾನೆಯಿಂದ ಹೊರಬಿದ್ದ ಕಾಕಂಬಿ ಬಿಯಾಸ್ ನದಿಗೆ ಸೇರಿ, ನೀರು ಕಂದಾಗಿ, ಬಹುದೂರದ ತನಕ ಮೀನುಗಳು ಸತ್ತವು. ವಿಷವಲ್ಲದ, ದನ ತಿನ್ನುವ ಪದಾರ್ಥವೂ ನದಿಯ ಉಸಿರು ಕಟ್ಟಿಸಬಲ್ಲದು.

ಕಾರಣದ ಬಗ್ಗೆ ಸರ್ಕಾರಿ ಸಂಸ್ಥೆಗಳೇ ಬೇರೆ ಬೇರೆ ಮಾತಾಡುವುದೂ ಉಂಟು. 2024ರ ಮೇ ತಿಂಗಳಲ್ಲಿ ಕೇರಳದ ಪೆರಿಯಾರ್ ನದಿಯಲ್ಲಿ, ಏಲೂರು ಕೈಗಾರಿಕಾ ಪ್ರದೇಶದ ಕೆಳಗೆ, ಪಂಜರಗಳಲ್ಲಿ ಸಾಕಿದ ಮೀನುಗಳೂ ಸೇರಿ ಅಪಾರ ಮೀನು ಸತ್ತಾಗ, ಕಟ್ಟೆಯ ಬಾಗಿಲು ತೆರೆದದ್ದರಿಂದ ಆಮ್ಲಜನಕ ಕುಸಿಯಿತೆಂದು ಮಾಲಿನ್ಯ ನಿಯಂತ್ರಣ ಮಂಡಳಿ ಹೇಳಿತು. ಕೇರಳದ ಮೀನುಗಾರಿಕಾ ವಿಶ್ವವಿದ್ಯಾಲಯ ಅಮೋನಿಯಾ ಮತ್ತು ಸಲ್ಫೈಡ್ ಅಪಾಯಕರ ಮಟ್ಟದಲ್ಲಿದ್ದವೆಂದು ವರದಿ ಕೊಟ್ಟಿತು. ಯುರೋಪಿನ ಓಡರ್ ನದಿಯಲ್ಲಿ 2022ರ ಬೇಸಿಗೆಯಲ್ಲಿ ನೂರಾರು ಟನ್ ಮೀನು ಸತ್ತಾಗಲೂ ಮೊದಲು ಹತ್ತಾರು ಊಹೆಗಳೆದ್ದವು. ಕೊನೆಗೆ ಸಿಕ್ಕಿದ್ದು ಉಪ್ಪಾದ ನೀರಿನಲ್ಲಿ ಬೆಳೆಯುವ ಒಂದು ವಿಷಪಾಚಿ. ಆ ಉಪ್ಪಿನ ಮೂಲಗಳಲ್ಲಿ ಗಣಿಗಳ ತ್ಯಾಜ್ಯನೀರೂ ಒಂದು.

ಕಾರಣ ತಿಳಿಯಬೇಕಾದರೆ ಮೊದಲ ಕೆಲವು ಗಂಟೆಗಳಲ್ಲಿ ಸತ್ತ ಜಾಗದ ನೀರನ್ನೂ ಅದಕ್ಕಿಂತ ಮೇಲಿನ ಹರಿವಿನ ನೀರನ್ನೂ ತೆಗೆದಿಡಬೇಕು. ಈಗಷ್ಟೇ ಸಾಯುತ್ತಿರುವ ಮೀನನ್ನು ಮಂಜುಗಡ್ಡೆಯಲ್ಲಿಟ್ಟು ಕಳಿಸಬೇಕು, ನಸುಕಿನಲ್ಲಿ ಆಮ್ಲಜನಕ ಅಳೆಯಬೇಕು. ಆ ಹೊತ್ತಿನಲ್ಲಿ ನದಿಯ ಬದಿಗಿರುವವರು ಅಂಬಿಗರು ಮತ್ತು ಊರವರೇ. ಅವರ ಕೈಗೆ ಮಾದರಿ ತೆಗೆಯುವ ಸಲಕರಣೆಯನ್ನೂ ಅದಕ್ಕೆ ಕಾನೂನಿನ ಮಾನ್ಯತೆಯನ್ನೂ ಕೊಡುವ ವ್ಯವಸ್ಥೆ 1974ರ ಕಾಯಿದೆಯಲ್ಲಿಲ್ಲ. 2024ರ ತಿದ್ದುಪಡಿ ಈ ಕೊರತೆಯನ್ನು ಮುಟ್ಟಲಿಲ್ಲ. ಅದು ಹಲವು ಅಪರಾಧಗಳಿಗಿದ್ದ ಸೆರೆವಾಸವನ್ನು ತೆಗೆದು, 10,000 ರೂಪಾಯಿಯಿಂದ 15 ಲಕ್ಷ ರೂಪಾಯಿವರೆಗಿನ ದಂಡವನ್ನು ಆ ಜಾಗದಲ್ಲಿ ಇರಿಸಿತು.