ಬ್ಯಾಸ್ಕೆಟ್‌ಬಾಲ್ ಅಂಗಳಕ್ಕೆ ಹೆಜ್ಜಾರ್ಲೆ ಬಂದ ಕಥೆ



ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ತಂಡಗಳ ಲಾಂಛನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಮೃಗಾಲಯಕ್ಕೆ ಹೋದ ಹಾಗೆ ಅನಿಸುತ್ತದೆ. ಶಿಕಾಗೋ ತಂಡಕ್ಕೆ ಗೂಳಿ, ಮಿನ್ನೆಸೋಟ ತಂಡಕ್ಕೆ ತೋಳ, ಅಟ್ಲಾಂಟ ತಂಡಕ್ಕೆ ಗಿಡುಗ. ಎಲ್ಲವೂ ಎದುರಾಳಿಯನ್ನು ಹೆದರಿಸುವಂಥವು. ಇವುಗಳ ನಡುವೆ ಉದ್ದ ಕೊಕ್ಕಿನ ಒಂದು ಹಕ್ಕಿಯೂ ಇದೆ. ಅದು ನ್ಯೂ ಆರ್ಲಿಯನ್ಸ್ ತಂಡದ ಪೆಲಿಕನ್. ಕನ್ನಡದಲ್ಲಿ ಇದಕ್ಕೆ ಹೆಜ್ಜಾರ್ಲೆ ಎನ್ನುತ್ತಾರೆ. ಮದ್ದೂರಿನ ಹತ್ತಿರದ ಕೊಕ್ಕರೆ ಬೆಳ್ಳೂರಿಗೆ ಹೋದವರು ಇದೇ ಬಳಗದ ಹಕ್ಕಿಗಳನ್ನು ನೋಡಿರಬಹುದು. ಮೀನು ಹಿಡಿಯುವ ಹಕ್ಕಿಗೂ ಬ್ಯಾಸ್ಕೆಟ್‌ಬಾಲಿಗೂ ಏನು ಸಂಬಂಧ ಎಂದು ಮೊದಲು ನಾನೂ ನಕ್ಕಿದ್ದೆ. ಅದರ ಇತಿಹಾಸ ಓದಿದ ಮೇಲೆ ನಗು ನಿಂತಿತು.

ತಂಡಗಳಿಗೆ ಪ್ರಾಣಿಗಳ ಹೆಸರು ಬರುವುದಕ್ಕೆ ಬೇರೆ ಬೇರೆ ಕಾರಣಗಳಿವೆ. 1993ರಲ್ಲಿ 'ಜುರಾಸಿಕ್ ಪಾರ್ಕ್' ಸಿನಿಮಾ ಬಂದಾಗ ಎಲ್ಲೆಲ್ಲೂ ಡೈನೋಸಾರ್‌ಗಳದ್ದೇ ಮಾತು. 1995ರಲ್ಲಿ ಆಡಲು ಶುರುಮಾಡಿದ ಟೊರಾಂಟೊ ತಂಡ ರ್‍ಯಾಪ್ಟರ್ಸ್ ಆಯಿತು. ಚೆಂಡು ಪುಟಿಸುವ ಕೆಂಪು ಡೈನೋಸಾರ್ ಆಗ ಅದರ ಲಾಂಛನವಾಗಿತ್ತು. ಅದೇ ವರ್ಷ ಆಡಲು ಶುರುಮಾಡಿದ ವ್ಯಾಂಕೂವರ್ ತಂಡ ಗ್ರಿಜ್ಲಿ ಕರಡಿಯನ್ನು ಆರಿಸಿಕೊಂಡಿತ್ತು. ಆ ಪ್ರಾಂತ್ಯದ ಕಾಡುಗಳಲ್ಲಿ ಗ್ರಿಜ್ಲಿಗಳಿವೆ. 2001ರಲ್ಲಿ ತಂಡ ಮೆಂಫಿಸ್‌ಗೆ ಹೋಯಿತು, ಕರಡಿಯೂ ಜೊತೆಗೆ ಹೋಯಿತು. ಟೆನೆಸಿ ರಾಜ್ಯದ ಕಾಡಿನಲ್ಲಿ ಮಾತ್ರ ಗ್ರಿಜ್ಲಿ ಇಲ್ಲ!

ಹೆಜ್ಜಾರ್ಲೆಯ ಕಥೆ ಶುರುವಾಗುವುದು ಇನ್ನೊಂದು ಊರಿನ ಕಡಜದಿಂದ. 1780ರಲ್ಲಿ, ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ, ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಶಾರ್ಲಟ್ ಊರಿಗೆ ಬಂದ. ಅಲ್ಲಿನ ಜನ ಅವನನ್ನು ನೆಮ್ಮದಿಯಾಗಿ ಇರಲು ಬಿಡಲಿಲ್ಲ. ಅವನು ಆ ಊರನ್ನು ಕಡಜದ ಗೂಡು ಎಂದು ಕರೆದನಂತೆ. ಊರಿನವರು ಆ ಬೈಗುಳವನ್ನೇ ಬಿರುದು ಮಾಡಿಕೊಂಡರು. 1988ರಲ್ಲಿ ಅಲ್ಲಿ ಆಟ ಶುರುಮಾಡಿದ ತಂಡದ ಹೆಸರು ಹಾರ್ನೆಟ್ಸ್, ಅಂದರೆ ಕಡಜಗಳು.

2002ರಲ್ಲಿ ಆ ತಂಡ ನ್ಯೂ ಆರ್ಲಿಯನ್ಸ್‌ಗೆ ಹೋದಾಗ ಹೆಸರೂ ಹೋಯಿತು. ಶಾರ್ಲಟ್‌ಗೆ 2004ರಲ್ಲಿ ಬಾಬ್‌ಕ್ಯಾಟ್ಸ್ ಎಂಬ ಹೊಸ ತಂಡ ಬಂತು. ಆದರೆ ಜನರಿಗೆ ತಮ್ಮ ಹಳೆಯ ಕಡಜವೇ ಬೇಕಿತ್ತು. 2012ರಲ್ಲಿ ನ್ಯೂ ಆರ್ಲಿಯನ್ಸ್ ತಂಡವನ್ನು ಕೊಂಡ ಟಾಮ್ ಬೆನ್ಸನ್ ಅವರಿಗೂ ತಮ್ಮ ಊರಿನದೇ ಹೆಸರು ಬೇಕಿತ್ತು. 2013ರಲ್ಲಿ ಅವರ ತಂಡ ಪೆಲಿಕನ್ಸ್ ಆಯಿತು. 2014ರಲ್ಲಿ ಹಾರ್ನೆಟ್ಸ್ ಹೆಸರು ಶಾರ್ಲಟ್‌ಗೆ ಮರಳಿತು. 1988ರಿಂದ 2002ರವರೆಗಿನ ದಾಖಲೆಗಳನ್ನೂ ಶಾರ್ಲಟ್ ತಂಡಕ್ಕೇ ಹಿಂದಿರುಗಿಸಿದರು.

ಪೆಲಿಕನ್ ಹೆಸರು ಕೇಳಿ ತುಂಬ ಜನ ಗೇಲಿ ಮಾಡಿದರು. ಆದರೆ ಲೂಸಿಯಾನ ರಾಜ್ಯದ ಬಾವುಟದಲ್ಲೇ ಮರಿಗಳನ್ನು ಸಾಕುವ ತಾಯಿ ಪೆಲಿಕನ್ ಇದೆ. 1966ರಲ್ಲಿ ಕಂದು ಪೆಲಿಕನ್ ಅಲ್ಲಿನ ರಾಜ್ಯಪಕ್ಷಿಯಾಯಿತು. ಬೇಸರದ ವಿಷಯ ಏನೆಂದರೆ, ಆ ಹೊತ್ತಿಗೆ ಆ ರಾಜ್ಯದಲ್ಲಿ ಗೂಡು ಕಟ್ಟುವ ಕಂದು ಪೆಲಿಕನ್ ಒಂದೂ ಉಳಿದಿರಲಿಲ್ಲ. ಹೊಲಗಳಿಗೆ ಹಾಕಿದ ಕೀಟನಾಶಕ ನೀರಿಗೆ ಸೇರಿ, ಮೀನುಗಳ ಮೂಲಕ ಹಕ್ಕಿಗಳ ಹೊಟ್ಟೆ ಸೇರಿತ್ತು. ಡಿಡಿಟಿಯಿಂದ ಮೊಟ್ಟೆಯ ಚಿಪ್ಪು ಎಷ್ಟು ತೆಳುವಾಗುತ್ತಿತ್ತೆಂದರೆ, ಕಾವಿಗೆ ಕೂತ ತಾಯಿಯ ಭಾರಕ್ಕೇ ಒಡೆಯುತ್ತಿತ್ತು. 1968ರಿಂದ ಫ್ಲಾರಿಡಾದ ಮರಿಗಳನ್ನು ತಂದು ಬಿಟ್ಟರು. 1972ರಲ್ಲಿ ಅಮೆರಿಕ ಡಿಡಿಟಿಯನ್ನು ನಿಷೇಧಿಸಿತು. 2009ರಲ್ಲಿ ಈ ಹಕ್ಕಿಯನ್ನು ಅಳಿವಿನಂಚಿನ ಪಟ್ಟಿಯಿಂದ ತೆಗೆದರು. ಮರುವರ್ಷವೇ ಸಮುದ್ರದಲ್ಲಿ ತೈಲ ಸೋರಿ, ಎಣ್ಣೆ ಮೆತ್ತಿಕೊಂಡ ಪೆಲಿಕನ್‌ಗಳ ಚಿತ್ರಗಳು ಎಲ್ಲೆಡೆ ಬಂದವು. ತಂಡ ಹೆಸರಿಟ್ಟುಕೊಂಡದ್ದು ಇಷ್ಟೆಲ್ಲ ತಡೆದುಕೊಂಡ ಹಕ್ಕಿಯದು.

ಮಕ್ಕಳಿಗಾಗಿ ಒಂದು ತಮಾಷೆಯ ವಿಷಯ. ತಂಡದ ಮ್ಯಾಸ್ಕಾಟ್ ಪಿಯೆರ್‌ನ ಮುಖ ಮೊದಲು ಎಷ್ಟು ಭಯಂಕರವಾಗಿತ್ತೆಂದರೆ ನೋಡಿದವರೆಲ್ಲ ಬೆಚ್ಚಿಬೀಳುತ್ತಿದ್ದರು. 2014ರಲ್ಲಿ ತಂಡದವರು ಪಿಯೆರ್‌ನ ಕೊಕ್ಕು ಮುರಿದು ಆಪರೇಷನ್ ಆಯಿತು ಎಂದು ಹೇಳಿ, ನಗುಮುಖದ ಹೊಸ ಪಿಯೆರ್‌ನನ್ನು ಕರೆತಂದರು!

ನಿಮ್ಮ ಶಾಲೆಯ ಲಾಂಛನದಲ್ಲೂ ಒಂದು ಪ್ರಾಣಿ ಇರಬಹುದು. ಅದು ಅಲ್ಲಿಗೆ ಹೇಗೆ ಬಂತು ಎಂದು ಕೇಳಿ ನೋಡಿ. ನಿಮ್ಮ ಊರಿನ ಸುತ್ತಮುತ್ತ ಅದು ಈಗಲೂ ಬದುಕಿದೆಯೇ ಎಂದೂ ಕೇಳಿ.