ರಾಮ್, ರಾಜೀವ್

ಅಮೆರಿಕದ ಟೆನಿಸ್ ಆಟಗಾರ, ಡಬಲ್ಸ್‌ನಲ್ಲಿ ವಿಶ್ವದ ಮಾಜಿ ಅಗ್ರ ಶ್ರೇಯಾಂಕಿತ. ಬೆಂಗಳೂರಿನಿಂದ ವಲಸೆ ಹೋದ ದಂಪತಿಯ ಮಗ. ಹುಟ್ಟಿದ್ದು 1984ರ ಮಾರ್ಚ್ 18ರಂದು, ಕೊಲರಾಡೊದ ಡೆನ್ವರ್‌ನಲ್ಲಿ.

ಮನೆತನ ಮತ್ತು ಪೌರತ್ವ: ತಂದೆ ಸಸ್ಯವಿಜ್ಞಾನಿ, ತಾಯಿ ಪ್ರಯೋಗಾಲಯ ತಂತ್ರಜ್ಞೆ. 1980ರ ದಶಕದ ಆರಂಭದ ಅವರ ವಲಸೆಯನ್ನು ಅಮೆರಿಕದ 1965ರ ವಲಸೆ ಕಾಯ್ದೆಯ ಹಿನ್ನೆಲೆಯಲ್ಲಿ ನೋಡುವುದು ಸೂಕ್ತ. 1946ರ ಕಾನೂನು ಭಾರತೀಯರಿಗೆ ವರ್ಷಕ್ಕೆ ಬರೀ 100 ಮಂದಿಯ ಮಿತಿ ಹಾಕಿತ್ತು. 1965ರದು ಮೂಲದೇಶವಾರು ಕೋಟಾ ತೆಗೆದು, ಕುಶಲ ವೃತ್ತಿಪರರಿಗೂ ಅಲ್ಲಿ ನೆಲೆಸಿದವರ ಬಂಧುಗಳಿಗೂ ಆದ್ಯತೆ ಕೊಟ್ಟಿತು. ಬೆಂಗಳೂರಿನ ಓದಿದ ಮನೆಗಳಿಂದ ವಿಜ್ಞಾನಿಗಳೂ ಎಂಜಿನಿಯರುಗಳೂ ಸಾಲುಸಾಲಾಗಿ ಹೊರಟದ್ದು ಆಮೇಲೆಯೇ.

ರಾಜೀವ್ ಹುಟ್ಟಿನಿಂದಲೇ ಅಮೆರಿಕದ ಪ್ರಜೆ. ಭಾರತದ ಕಾನೂನಿನಲ್ಲಿ ದ್ವಿಪೌರತ್ವಕ್ಕೆ ಅವಕಾಶವಿಲ್ಲ. 2005ರಲ್ಲಿ ಬಂದ ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡು ಓಡಾಟಕ್ಕೆ ಅನುಕೂಲವೇ ಹೊರತು ಪೂರ್ಣ ಪೌರತ್ವವಲ್ಲ. ಆದರೂ ಭಾರತದ ಹಿರಿಯ ಟೆನಿಸ್ ಆಟಗಾರ ವಿಜಯ್ ಅಮೃತ್‌ರಾಜ್ ಅವರ ಮಗ ಪ್ರಕಾಶ್ ಅಮೆರಿಕದ ಪಾಸ್‌ಪೋರ್ಟ್ ಇಟ್ಟುಕೊಂಡೇ ಭಾರತದ ಡೇವಿಸ್ ಕಪ್ ತಂಡದಲ್ಲಿ ಆಡಿದ್ದರು. 2008ರ ಡಿಸೆಂಬರಿನಲ್ಲಿ ಕೇಂದ್ರ ಕ್ರೀಡಾ ಸಚಿವಾಲಯ ಭಾರತದ ಪಾಸ್‌ಪೋರ್ಟನ್ನು ಕಡ್ಡಾಯ ಮಾಡಿದ ಮೇಲೆ ಆ ಬಾಗಿಲೂ ಮುಚ್ಚಿತು. ನಮ್ಮ ಪತ್ರಿಕೆಗಳು ರಾಜೀವ್ ಗೆದ್ದಾಗಲೆಲ್ಲ ‘ಬೆಂಗಳೂರು ಮೂಲದ’ ಎಂದು ಬರೆಯುವುದು ಸುಳ್ಳಲ್ಲ. ಆದರೆ ಆಟ ಕುದುರಿದ್ದು ಇಂಡಿಯಾನಾದ ಕಾರ್ಮೆಲ್‌ನಲ್ಲಿ, ಆಮೇಲೆ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ.

ಸಾಧನೆ: 2003ರಲ್ಲಿ ಅಮೆರಿಕದ ಕಾಲೇಜು ಡಬಲ್ಸ್ ಪ್ರಶಸ್ತಿ. 2009ರಲ್ಲಿ ನ್ಯೂಪೋರ್ಟ್ ಸಿಂಗಲ್ಸ್. ಅರ್ಹತಾ ಸುತ್ತಿನಲ್ಲಿ ಸೋತು, ಬೇರೊಬ್ಬರ ಜಾಗ ತೆರವಾದ್ದರಿಂದ ಒಳಬಂದು ಗೆದ್ದ ಪ್ರಶಸ್ತಿ ಅದು. 2019 ಮತ್ತು 2021ರಲ್ಲಿ ಬಾರ್ಬೊರಾ ಕ್ರೆಯ್ಚಿಕೊವಾ ಜತೆ ಆಸ್ಟ್ರೇಲಿಯನ್ ಓಪನ್ ಮಿಶ್ರ ಡಬಲ್ಸ್. ಪುರುಷರ ಡಬಲ್ಸ್‌ನ ಮೊದಲ ಗ್ರ್ಯಾಂಡ್‌ಸ್ಲಾಮ್ 2020ರ ಆಸ್ಟ್ರೇಲಿಯನ್ ಓಪನ್, ಬ್ರಿಟನ್ನಿನ ಜೋ ಸ್ಯಾಲಿಸ್‌ಬರಿ ಜತೆ. 2021, 2022, 2023ರಲ್ಲಿ ಇದೇ ಜೋಡಿಗೆ ಅಮೆರಿಕ ಓಪನ್. ಮುಕ್ತ ಯುಗದಲ್ಲಿ ಹೀಗೆ ಸತತ ಮೂರು ಬಾರಿ ಅಲ್ಲಿ ಗೆದ್ದ ಮೊದಲ ಪುರುಷ ಜೋಡಿ.

ಬೋಪಣ್ಣ ಎದುರು: ಕರ್ನಾಟಕದ ಓದುಗರಿಗೆ ಹೆಚ್ಚು ಮುಖ್ಯವಾದದ್ದು ಕೊಡಗಿನ ರೋಹನ್ ಬೋಪಣ್ಣ ಅವರ ಜತೆಗಿನ ಸೆಣಸಾಟ. 2016ರ ರಿಯೊ ಒಲಿಂಪಿಕ್ಸ್ ಮಿಶ್ರ ಡಬಲ್ಸ್ ಸೆಮಿಫೈನಲ್‌ನಲ್ಲಿ ಸಾನಿಯಾ ಮಿರ್ಜಾ–ಬೋಪಣ್ಣ ಮೊದಲ ಸೆಟ್ಟನ್ನು 6–2ರಿಂದ ಗೆದ್ದರು. ರಾಜೀವ್ ಮತ್ತು ವೀನಸ್ ವಿಲಿಯಮ್ಸ್ ಎರಡನೆಯದನ್ನು 6–2ರಿಂದ ಕಿತ್ತುಕೊಂಡು, ನಿರ್ಣಾಯಕ ಟೈಬ್ರೇಕನ್ನು 10–3ರಿಂದ ಮುಗಿಸಿದರು. ಅಮೆರಿಕದ ಜೋಡಿಗೆ ಬೆಳ್ಳಿ; ಭಾರತ ಕಂಚಿನ ಪಂದ್ಯವನ್ನೂ ಸೋತಿತು. 2023ರ ಅಮೆರಿಕ ಓಪನ್ ಫೈನಲ್‌ನಲ್ಲೂ ಇಬ್ಬರೂ ಎದುರುಬದುರು. ಮೂರನೇ ಸೆಟ್‌ನಲ್ಲಿ ಚೆಂಡು ತಮ್ಮ ತೋಳಿಗೆ ತಾಗಿತೆಂದು ಬೋಪಣ್ಣ ತಾವೇ ಹೇಳಿ ಅಂಕ ಬಿಟ್ಟುಕೊಟ್ಟರು. ಪಂದ್ಯ 2–6, 6–3, 6–4ರಿಂದ ರಾಜೀವ್ ಜೋಡಿಯದಾಯಿತು.

2022ರ ಅಕ್ಟೋಬರಿನಲ್ಲಿ, 38ರ ವಯಸ್ಸಿನಲ್ಲಿ, ರಾಜೀವ್ ಮೊದಲ ಬಾರಿ ಅಗ್ರಸ್ಥಾನಕ್ಕೇರಿದರು. ಅಷ್ಟು ತಡವಾಗಿ ಅಲ್ಲಿಗೆ ಏರಿದವರು ಅಲ್ಲಿಯವರೆಗೆ ಇರಲಿಲ್ಲ. 2024ರ ಜನವರಿಯಲ್ಲಿ ಆ ದಾಖಲೆಯನ್ನು ಮುರಿದವರು 43ರ ಬೋಪಣ್ಣ.